ಕೌಂಟ್ ಬಂದಿದೆ, ಕಾವಲು ಇನ್ನೂ ಬಂದಿಲ್ಲ

ಹಾಸನ, ಚಿಕ್ಕಮಗಳೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸುದ್ದಿ ಮೂರು ಕಂತಿನಲ್ಲಿ ಬರುತ್ತದೆ. ಮೊದಲನೆಯದು ಮನವಿ: ಯಾವುದೋ ಊರಿನ ಹುಡುಗನಿಗೆ ರಕ್ತದ ಕ್ಯಾನ್ಸರ್, ಬೋನ್ ಮ್ಯಾರೋ ಕಸಿ ಆಗಬೇಕು, ಲಕ್ಷಗಟ್ಟಲೆ ಹಣ ಬೇಕು. ಒಂದೆರಡು ತಿಂಗಳಿಗೆ ಎರಡನೆಯದು: ಕಸಿ ಯಶಸ್ವಿ, ಕೌಂಟ್ ನಾರ್ಮಲ್ ಆಗಿದೆ, ಸಹಾಯ ಮಾಡಿದವರಿಗೆಲ್ಲ ಕೃತಜ್ಞತೆ. ಓದುಗರು ಕೈಮುಗಿದು ಮುಂದೆ ಹೋಗುತ್ತಾರೆ. ಆಮೇಲೆ ಮೂರನೆಯದು: ವೈರಸ್ ಸೋಂಕು ತಗುಲಿ ಮತ್ತೆ ಆಸ್ಪತ್ರೆಗೆ ದಾಖಲು, ಇನ್ನಷ್ಟು ನೆರವು ಬೇಕು.

ಜನ ಗೊಂದಲಕ್ಕೆ ಬೀಳುವುದು ಈ ಮೂರನೆಯ ಕಂತಿನಲ್ಲಿ. ಕಸಿ ಯಶಸ್ವಿ ಎಂದವರೇ ಈಗ ಹೀಗೆ ಹೇಳುತ್ತಿದ್ದಾರಲ್ಲ, ಮೊದಲು ಹೇಳಿದ್ದು ಸುಳ್ಳೆ? ಆಸ್ಪತ್ರೆಯವರ ಅಜಾಗರೂಕತೆಯೆ? ಮನೆಗೆ ಬಂದ ಮೇಲೆ ಯಾರಿಂದಲೋ ಅಂಟಿತೆ? ಬಹಳ ಸಲ ಈ ಮೂರೂ ಅಲ್ಲ. ಎರಡನೆಯ ಸಂದೇಶವೂ ನಿಜ, ಮೂರನೆಯದೂ ನಿಜ. ರಕ್ತದ ಕೌಂಟ್ ಬರುವುದು ಒಂದು ಘಟನೆ, ವೈರಸ್‌ಗಳನ್ನು ತಡೆಯುವ ಶಕ್ತಿ ಬರುವುದು ಬೇರೆಯೇ ಒಂದು ಘಟನೆ. ನಡುವೆ ತಿಂಗಳುಗಳ ಅಂತರ, ಕೆಲವರಲ್ಲಿ ವರ್ಷಗಳ ಅಂತರ. ಆ ಅಂತರದಲ್ಲಿ ರೋಗಿಯ ನಿರೋಧಕ ಶಕ್ತಿ ಎಷ್ಟರಮಟ್ಟಿಗೆ ಮರಳಿದೆ ಎಂದು ಅಳೆಯಬಹುದೆ, ಅಳೆದರೆ ಪ್ರಯೋಜನ ಉಂಟೆ ಎಂಬುದು ವೈದ್ಯರ ನಡುವೆ ಇನ್ನೂ ಮುಗಿಯದ ಚರ್ಚೆ.

(ಮಂಡಿನೋವಿಗೆ, ಸಕ್ಕರೆ ಕಾಯಿಲೆಗೆ ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂದು ಜಾಹೀರಾತು ಕೊಡುವ ಕ್ಲಿನಿಕ್‌ಗಳ ವಿಷಯ ಇದಲ್ಲ. ಇಲ್ಲಿ ಮಾತಾಡುತ್ತಿರುವುದು ರಕ್ತ ಉತ್ಪಾದಿಸುವ ಆಕರಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ, ಕಸಿಯ ಬಗ್ಗೆ. ಭಾರತದಲ್ಲಿ ಅದು 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಶುರುವಾಗಿ, 1986ರಲ್ಲಿ ವೆಲ್ಲೂರಿನ ಸಿಎಂಸಿಗೆ ಬಂತು. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತದೆ.)

ತೋಟ ಕಿತ್ತು ಮತ್ತೆ ನೆಟ್ಟಂತೆ

ಜನ ಇದನ್ನು ‘ಬೋನ್ ಮ್ಯಾರೋ ಆಪರೇಷನ್’ ಎನ್ನುತ್ತಾರೆ. ರೋಗಿಯ ಮಟ್ಟಿಗೆ ಇದರಲ್ಲಿ ಆಪರೇಷನ್ನೇ ಇಲ್ಲ. ರಕ್ತ ಕೊಡುವ ಹಾಗೆಯೇ ಒಂದು ಚೀಲದಿಂದ ಆಕರಕೋಶಗಳನ್ನು ನಾಳದ ಮೂಲಕ ಇಳಿಸುತ್ತಾರೆ. ಅವು ತಾವಾಗಿ ಮೂಳೆಯೊಳಗಿನ ಮಜ್ಜೆ ಸೇರುತ್ತವೆ. ಕಠಿಣವಾದದ್ದು ಅದರ ಹಿಂದಿನ ವಾರ. ಹೊಸ ಕೋಶಗಳಿಗೆ ಜಾಗ ಆಗಬೇಕು, ಉಳಿದ ಕ್ಯಾನ್ಸರ್ ಕೋಶ ಸಾಯಬೇಕು, ದಾನಿಯ ಕೋಶಗಳನ್ನು ರೋಗಿಯ ದೇಹ ತಿರಸ್ಕರಿಸಬಾರದು. ಇದಕ್ಕಾಗಿ ಭಾರಿ ಪ್ರಮಾಣದ ಕೀಮೊ, ಕೆಲವೊಮ್ಮೆ ವಿಕಿರಣ ಕೊಟ್ಟು ಹಳೆಯ ಮಜ್ಜೆಯನ್ನು ಬಹುತೇಕ ಅಳಿಸುತ್ತಾರೆ. ಅದರ ಜೊತೆಗೆ ರೋಗಿ ಹುಟ್ಟಿದಂದಿನಿಂದ ಗಳಿಸಿದ ರೋಗನಿರೋಧಕ ನೆನಪೂ ಅಳಿದುಹೋಗುತ್ತದೆ ಅಥವಾ ತೀರಾ ಸೊರಗುತ್ತದೆ. ಬಾಲ್ಯದ ಲಸಿಕೆಗಳು, ಎಂದೋ ಬಂದುಹೋದ ಸೀತಾಳೆ ಸಿಡುಬು, ಫ್ಲೂ, ಎಲ್ಲದರ ನೆನಪೂ.

ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಹಳೆಯ ಗಿಡ ಕಿತ್ತು ಸಸಿ ನೆಟ್ಟರೆ ಅದು ಬೇರು ಹಿಡಿಯಲು ಒಂದು ಮಳೆಗಾಲ ಸಾಕು. ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಬೇರು ಹಿಡಿದ ಸಸಿಯನ್ನು ತೋರಿಸಿ ‘ತೋಟ ಆಯಿತು’ ಎಂದು ಯಾವ ರೈಟರೂ ಸಾಹುಕಾರರಿಗೆ ಹೇಳುವುದಿಲ್ಲ. ಕಸಿಯಲ್ಲಿ ಮಾತ್ರ ಬೇರು ಹಿಡಿದ ದಿನವೇ ನಮ್ಮಲ್ಲಿ ಸಿಹಿ ಹಂಚುತ್ತಾರೆ.

ಆ ಬೇರು ಹಿಡಿಯುವಿಕೆಗೆ ವೈದ್ಯರ ಅಳತೆ ಸ್ಪಷ್ಟವಾಗಿದೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸತತ ಮೂರು ದಿನ 500 ದಾಟಿದರೆ ಕಸಿ ಹಿಡಿಯಿತು ಎಂದು ಲೆಕ್ಕ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದೊಳಗೆ ಇದು ಆಗುತ್ತದೆ. ಮನೆಯವರು ‘ಕೌಂಟ್ ಬಂತು’ ಎನ್ನುವುದು ಇದನ್ನೇ. ನ್ಯೂಟ್ರೊಫಿಲ್‌ಗಳು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ವಿರುದ್ಧ ಮೊದಲ ಸಾಲಿನ ಕಾವಲುಗಾರರು. ವೈರಸ್‌ಗಳ ವಿಷಯದಲ್ಲಿ ಅವುಗಳಿಂದ ದೊಡ್ಡ ಉಪಕಾರ ಇಲ್ಲ.

ಟಿ ಕೋಶಗಳ ತಡ

ವೈರಸ್ ಅಡಗುವುದು ನಮ್ಮದೇ ಕೋಶಗಳ ಒಳಗೆ. ಹಾಗೆ ಸೋಂಕಿದ ಕೋಶವನ್ನು ಗುರುತಿಸಿ ಕೊಲ್ಲುವ ಕೆಲಸ ಮುಖ್ಯವಾಗಿ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳದ್ದು. ಕಸಿಯ ನಂತರ ಎನ್‌ಕೆ ಕೋಶಗಳೆಂಬ ಒರಟು ಕಾವಲುಗಾರರು ಮೊದಲ ಒಂದೆರಡು ತಿಂಗಳಲ್ಲೇ ಬರುತ್ತಾರೆ. ಆಮೇಲೆ ಸಿಡಿ8 ಎಂಬ ಕೊಲ್ಲುವ ಟಿ ಕೋಶಗಳು ಬರುತ್ತವೆ. ಅವುಗಳಿಗೆ ದಾರಿ ತೋರಿಸುವ, ಅವು ಬಹುಕಾಲ ಉಳಿಯುವಂತೆ ನೋಡಿಕೊಳ್ಳುವ ಸಿಡಿ4 ಟಿ ಕೋಶಗಳು ಎಲ್ಲರಿಗಿಂತ ತಡ. ಆರು ತಿಂಗಳಿಂದ ಒಂದು ವರ್ಷ, ಹಿರಿಯರಲ್ಲಿ ಅದಕ್ಕೂ ಹೆಚ್ಚು. ಪ್ರತಿಕಾಯ ತಯಾರಿಸುವ ಬಿ ಕೋಶಗಳು ನೆಟ್ಟಗೆ ಕೆಲಸ ಮಾಡಲು ಒಂದರಿಂದ ಎರಡು ವರ್ಷವಾದರೂ ಆಗಬಹುದು.

ಇಷ್ಟು ತಡ ಏಕೆ? ಹೊಸ ಟಿ ಕೋಶಗಳು ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಪಳಗಬೇಕು. ಮಕ್ಕಳಲ್ಲಿ ಅದು ದೊಡ್ಡದು, ಚುರುಕಿನದು. ವಯಸ್ಸಾದಂತೆ ಕುಗ್ಗುತ್ತದೆ. ಮೇಲಿಂದ ಕೀಮೊ, ವಿಕಿರಣಗಳ ಏಟು ಬೇರೆ. ಹೀಗಾಗಿ ಎಂಟು ವರ್ಷದ ಹುಡುಗಿಗೂ ಐವತ್ತೈದರ ರೈತನಿಗೂ ಒಂದೇ ವಾರ ಕಸಿಯಾದರೂ ಹುಡುಗಿಯ ಕಾವಲು ಮೊದಲು ಬರುತ್ತದೆ.

ಇನ್ನೊಂದು ಕಾರಣ ಔಷಧಿ. ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತನ್ನೇ ಪರಕೀಯ ಎಂದು ತಿಳಿದು ದಾಳಿ ಮಾಡುವುದುಂಟು. ಜಿವಿಎಚ್‌ಡಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಕಾಣುವುದು ಇದೇ. ಇದನ್ನು ತಡೆಯಲು ಟಿ ಕೋಶಗಳನ್ನು ಬೇಕೆಂದೇ ಅದುಮಿಡುವ ಔಷಧಿ ಕೊಡುತ್ತಾರೆ, ದಾಳಿ ಶುರುವಾದರೆ ಸ್ಟೀರಾಯ್ಡ್ ಸೇರಿಸುತ್ತಾರೆ. ಪೂರ್ತಿ ಹೊಂದುವ ದಾನಿ ಸಿಗದೆ ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಂದ ಅರ್ಧ ಹೊಂದಾಣಿಕೆಯ ಕಸಿ ಮಾಡಿದಾಗ ಈ ಅದುಮುವಿಕೆ ಇನ್ನೂ ಬಿಗಿ. ಅದುಮಿದಷ್ಟೂ ಜಿವಿಎಚ್‌ಡಿ ಹತೋಟಿಗೆ ಬರುತ್ತದೆ, ಅದುಮಿದಷ್ಟೂ ವೈರಸ್‌ಗೆ ಬಾಗಿಲು ತೆರೆಯುತ್ತದೆ. ಕಸಿ ವೈದ್ಯರ ದಿನನಿತ್ಯದ ಒದ್ದಾಟವೆಲ್ಲ ಇರುವುದು ಇಲ್ಲಿ. ತನ್ನದೇ ಆಕರಕೋಶವನ್ನು ತೆಗೆದಿಟ್ಟು ಮರಳಿ ಪಡೆಯುವ ರೋಗಿಗಳಿಗೆ, ಉದಾಹರಣೆಗೆ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನವರಿಗೆ, ಈ ಪೇಚು ಇಲ್ಲ. ಅವರ ಅಪಾಯ ಬಹಳ ಕಡಿಮೆ. ಮುಂದಿನ ಮಾತುಗಳು ಬಹುಮಟ್ಟಿಗೆ ಇನ್ನೊಬ್ಬರಿಂದ ಪಡೆದ ಕಸಿಗೆ ಸಂಬಂಧಿಸಿದವು.

ಹೊರಗಿಂದ ಬಂದದ್ದಲ್ಲ

ಮೂರನೆಯ ಕಂತಿನ ಸುದ್ದಿಯಲ್ಲಿ ಹೆಚ್ಚಾಗಿ ಕಾಣುವ ಹೆಸರು ಸೈಟೊಮೆಗಲೊ ವೈರಸ್, ಆಸ್ಪತ್ರೆಯ ಭಾಷೆಯಲ್ಲಿ ಸಿಎಂವಿ. ಭಾರತದಲ್ಲಿ ದೊಡ್ಡವರಾದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದು ಎಂದೋ ತಗುಲಿರುತ್ತದೆ, ಬಹುಪಾಲು ಬಾಲ್ಯದಲ್ಲೇ. ಜ್ವರ ಬಂದಿತ್ತೋ ಇಲ್ಲವೋ ಎಂಬುದೂ ನೆನಪಿರುವುದಿಲ್ಲ. ಒಮ್ಮೆ ಒಳಬಂದ ಮೇಲೆ ಅದು ಹೋಗುವುದೂ ಇಲ್ಲ, ಕೋಶಗಳೊಳಗೆ ಮಲಗಿರುತ್ತದೆ. ಟಿ ಕೋಶಗಳು ಗಸ್ತು ತಿರುಗುತ್ತಿರುವ ತನಕ ಅದು ಏಳುವುದಿಲ್ಲ. ಗಸ್ತು ನಿಂತಾಗ ಏಳುತ್ತದೆ. ಮರಗಸಿ ಅತಿಯಾಗಿ ನೆರಳು ಹೋದ ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕ ಏಳುವ ಹಾಗೆ.

ಆದ್ದರಿಂದ ‘ಯಾರಿಂದ ಅಂಟಿತು’ ಎಂಬ ಹುಡುಕಾಟ ಸಿಎಂವಿಯ ವಿಷಯದಲ್ಲಿ ಬಹುತೇಕ ವ್ಯರ್ಥ. ಊಟ ತಂದುಕೊಟ್ಟ ಅತ್ತಿಗೆಯನ್ನೋ ನೋಡಲು ಬಂದ ನೆಂಟರನ್ನೋ ದೂರುವ ಮನೆಗಳಿವೆ. ಅನ್ಯಾಯ ಅದು.

ವರದಿ ಓದುವಾಗ ಇನ್ನೊಂದು ತಪ್ಪು ಆಗುತ್ತದೆ. ಕಸಿಗೆ ಮುಂಚಿನ ಪರೀಕ್ಷೆಗಳಲ್ಲಿ ‘ಸಿಎಂವಿ ಐಜಿಜಿ ಪಾಸಿಟಿವ್’ ಎಂದು ಇರುತ್ತದೆ. ಹಿಂದೆಂದೋ ಸೋಂಕಾಗಿತ್ತು, ಪ್ರತಿಕಾಯ ಇದೆ ಎಂದಷ್ಟೇ ಅದರ ಅರ್ಥ. ಅದು ಕಾಯಿಲೆಯ ಸೂಚನೆ ಅಲ್ಲ. ಆದರೆ ದಾನಿ ಮತ್ತು ರೋಗಿ ಇಬ್ಬರ ಐಜಿಜಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮುಂದಿನ ಅಪಾಯದ ಅಂದಾಜು ಸಿಗುತ್ತದೆ. ವಿಚಿತ್ರವೆನಿಸಬಹುದು, ಅತಿ ಹೆಚ್ಚು ಅಪಾಯ ಇರುವುದು ರೋಗಿ ಪಾಸಿಟಿವ್ ಆಗಿ ದಾನಿ ನೆಗೆಟಿವ್ ಆಗಿರುವ ಜೋಡಿಯಲ್ಲಿ. ರೋಗಿಯ ದೇಹದಲ್ಲಿ ವೈರಸ್ ಮಲಗಿದೆ. ಅದನ್ನು ಕಾಯಲು ಬಂದಿರುವ ದಾನಿಯ ಟಿ ಕೋಶಗಳು ಆ ವೈರಸ್‌ನ ಮುಖವನ್ನೇ ಕಂಡಿಲ್ಲ. ಮೂತ್ರಪಿಂಡದ ಕಸಿಯಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ದಾನಿ ಪಾಸಿಟಿವ್, ರೋಗಿ ನೆಗೆಟಿವ್ ಆದರೆ ಅಪಾಯ ಹೆಚ್ಚು. ಕಿಡ್ನಿ ಕಸಿಯಾದ ನೆಂಟರ ಅನುಭವ ಕೇಳಿ ಗಾಬರಿಯಾಗುವವರು ಈ ವ್ಯತ್ಯಾಸ ತಿಳಿದಿರಬೇಕು.

ಕಸಿಯ ನಂತರ ಐಜಿಜಿಯನ್ನು ಮತ್ತೆ ಪರೀಕ್ಷಿಸಿ ‘ಪ್ರತಿಕಾಯ ಇದೆ, ಭಯವಿಲ್ಲ’ ಎನ್ನುವಂತಿಲ್ಲ. ರೋಗಿಗೆ ಏರಿಸಿದ ರಕ್ತ, ಇಮ್ಯುನೊಗ್ಲಾಬ್ಯುಲಿನ್‌ಗಳಲ್ಲಿ ಬೇರೆಯವರ ಪ್ರತಿಕಾಯ ಇರುತ್ತದೆ. ಪರೀಕ್ಷೆ ಅದನ್ನೂ ಎಣಿಸುತ್ತದೆ.

ಈಗ ನಡೆದಿರುವುದು: ವೈರಸ್‌ನ ಎಣಿಕೆ

ಗ್ಯಾನ್ಸಿಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧಿ ಬರುವ ಮುನ್ನ ಕಸಿ ರೋಗಿಗೆ ಸಿಎಂವಿ ನ್ಯುಮೋನಿಯಾ ಆದರೆ ಬಹುತೇಕರು ಬದುಕುತ್ತಿರಲಿಲ್ಲ. 1990ರ ದಶಕದಲ್ಲಿ ದೊಡ್ಡ ಬದಲಾವಣೆ ಆಯಿತು. ಕಾಯಿಲೆ ಕಾಣಿಸುವ ತನಕ ಕಾಯುವ ಬದಲು ರಕ್ತದಲ್ಲಿ ವೈರಸ್ ತಲೆ ಎತ್ತಿದ ಕೂಡಲೇ ಔಷಧಿ ಶುರುಮಾಡುವ ಪದ್ಧತಿ ಬಂತು. ಕಸಿಯಾದ ದಿನವನ್ನು ಸೊನ್ನೆ ಎಂದಿಟ್ಟು, ಕನಿಷ್ಠ ನೂರನೇ ದಿನದ ತನಕ ವಾರಕ್ಕೊಮ್ಮೆ ಪಿಸಿಆರ್ ಪರೀಕ್ಷೆಯಲ್ಲಿ ವೈರಸ್‌ನ ಪ್ರಮಾಣ ನೋಡುತ್ತಾರೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್‌ನ ತಂತ್ರವೇ ಇದು. ಇಲ್ಲಿ ಪಾಸಿಟಿವ್, ನೆಗೆಟಿವ್‌ಗಿಂತ ಸಂಖ್ಯೆ ಮುಖ್ಯ, ಸಂಖ್ಯೆಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ.

ಈ ಪದ್ಧತಿ ಸಾವಿರಾರು ಜೀವ ಉಳಿಸಿದೆ, ಅದರಲ್ಲಿ ವಾದವಿಲ್ಲ. ತೊಡಕು ಇರುವುದು ಔಷಧಿಯಲ್ಲಿ. ಗ್ಯಾನ್ಸಿಕ್ಲೊವಿರ್ ಮತ್ತು ಅದರ ಮಾತ್ರೆಯ ರೂಪವಾದ ವಾಲ್‌ಗ್ಯಾನ್ಸಿಕ್ಲೊವಿರ್ ನ್ಯೂಟ್ರೊಫಿಲ್‌ಗಳನ್ನು ಕುಗ್ಗಿಸುತ್ತವೆ. ಯಾವ ಕೌಂಟ್ ಬರಲೆಂದು ಮನೆಯವರು ದೇವರಿಗೆ ಹರಕೆ ಹೊತ್ತಿದ್ದರೋ ಅದೇ ಕೌಂಟ್. ಬದಲಿ ಔಷಧಿ ಫಾಸ್ಕಾರ್ನೆಟ್ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ವೈರಸ್ ಸ್ವಲ್ಪವೇ ಇದ್ದು ದೇಹ ತಾನೇ ಅದನ್ನು ಅಡಗಿಸುವ ಹಂತದಲ್ಲಿದ್ದಾಗ ಔಷಧಿ ಕೊಟ್ಟರೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು. ಕಾವಲು ಇಲ್ಲದವನಿಗೆ ಕೊಡಲು ತಡಮಾಡಿದರೆ ಜೀವಕ್ಕೇ ಕುತ್ತು.

ಇಬ್ಬರು ರೋಗಿಗಳ ಪಿಸಿಆರ್ ಸಂಖ್ಯೆ ಒಂದೇ ಇದೆ ಎನ್ನೋಣ. ಒಬ್ಬನಲ್ಲಿ ಟಿ ಕೋಶಗಳು ಎದ್ದು ನಿಂತಿವೆ, ಇನ್ನೊಬ್ಬನಲ್ಲಿ ಇಲ್ಲವೇ ಇಲ್ಲ. ಪಿಸಿಆರ್ ಇವರಿಬ್ಬರ ನಡುವಿನ ವ್ಯತ್ಯಾಸ ಹೇಳಲಾರದು. ಹೇಮಾವತಿ ಜಲಾಶಯದ ನೀರಿನ ಮಟ್ಟ ಎಷ್ಟಿದೆ ಎಂದು ತಿಳಿದರೂ ಕ್ರಸ್ಟ್ ಗೇಟು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯದ ಹಾಗೆ.

ಕಾವಲನ್ನೇ ಅಳೆಯುವ ಪರೀಕ್ಷೆಗಳು

ಅತಿ ಸರಳವಾದದ್ದು ಸಿಡಿ4 ಎಣಿಕೆ. ಎಚ್‌ಐವಿ ಚಿಕಿತ್ಸೆಯಿಂದಾಗಿ ಜಿಲ್ಲಾ ಮಟ್ಟದ ವೈದ್ಯರಿಗೂ ಪರಿಚಿತ. ಒಂದು ಮೈಕ್ರೊಲೀಟರ್ ರಕ್ತದಲ್ಲಿ 50ಕ್ಕಿಂತ ಕಡಿಮೆ ಇದ್ದರೆ ನೂರು ದಿನ ಕಳೆದ ಮೇಲೂ ಸಿಎಂವಿ ಕಾಯಿಲೆಯ ಅಪಾಯ ಇದೆ ಎಂದು ಹಳೆಯ ಅಧ್ಯಯನಗಳೇ ತೋರಿಸಿವೆ. 200 ದಾಟಿದರೆ ಸ್ವಲ್ಪ ನೆಮ್ಮದಿ. ಆದರೆ ಇದು ತಲೆ ಎಣಿಕೆ ಮಾತ್ರ. ಬಂದಿರುವ ಕಾವಲುಗಾರರಲ್ಲಿ ಈ ಕಳ್ಳನನ್ನು ಗುರುತು ಹಿಡಿಯುವವರು ಎಷ್ಟು ಎಂದು ಹೇಳುವುದಿಲ್ಲ.

ಅದನ್ನು ಹೇಳುವ ಪರೀಕ್ಷೆಗಳ ತತ್ವ ಒಂದೇ. ರೋಗಿಯ ರಕ್ತಕ್ಕೆ ಸಿಎಂವಿಯ ಪ್ರೊಟೀನ್ ತುಣುಕುಗಳನ್ನು ಸೇರಿಸಿ ಒಂದು ರಾತ್ರಿ ದೇಹದ ಉಷ್ಣತೆಯಲ್ಲಿ ಇಡುತ್ತಾರೆ. ಆ ತುಣುಕನ್ನು ಗುರುತಿಸುವ ಟಿ ಕೋಶಗಳಿದ್ದರೆ ಅವು ಕೆರಳಿ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಬಿಡುತ್ತವೆ. ಎಷ್ಟು ಬಿಟ್ಟವು ಎಂದು ಅಳೆಯುವುದು ಕ್ವಾಂಟಿಫೆರಾನ್. ಬಿಟ್ಟ ಕೋಶಗಳು ಎಷ್ಟು ಎಂದು ಚುಕ್ಕೆ ಎಣಿಸುವುದು ಎಲಿಸ್ಪಾಟ್. ಕ್ಷಯ ಪತ್ತೆಗೆ ಲ್ಯಾಬ್‌ಗಳಲ್ಲಿ ಮಾಡುವ ‘ಟಿಬಿ ಗೋಲ್ಡ್’ ಗೊತ್ತಿದ್ದವರಿಗೆ ಇದು ಅದರ ದಾಯಾದಿ. ಇನ್ನೂ ಸೂಕ್ಷ್ಮವಾದದ್ದು ಟೆಟ್ರಮರ್ ವಿಧಾನ. 1996ರಲ್ಲಿ ಬಂದ ಈ ತಂತ್ರದಲ್ಲಿ ವೈರಸ್ ತುಣುಕಿಗೆ ಬಣ್ಣ ಕಟ್ಟಿ ಬಿಡುತ್ತಾರೆ, ಅದನ್ನು ಗುರುತಿಸುವ ಟಿ ಕೋಶಕ್ಕೆ ಬಣ್ಣ ಅಂಟುತ್ತದೆ. ಎಚ್‌ಎಲ್‌ಎ ಎಂದರೆ ದಾನಿ-ರೋಗಿಯ ಹೊಂದಾಣಿಕೆಗೆ ನೋಡುವ ಕೋಶಗಳ ಗುರುತು. ಒಂದೊಂದು ಎಚ್‌ಎಲ್‌ಎ ಮಾದರಿಗೂ ಬೇರೆ ಬೇರೆ ಟೆಟ್ರಮರ್ ಬೇಕಾಗುವುದರಿಂದ, ಎಚ್‌ಎಲ್‌ಎ ವೈವಿಧ್ಯ ವಿಪರೀತವಾಗಿರುವ ನಮ್ಮ ದೇಶದಲ್ಲಿ ಅದು ಸದ್ಯಕ್ಕೆ ಸಂಶೋಧಕರ ಸಾಧನ.

ಕ್ವಾಂಟಿಫೆರಾನ್‌ನಲ್ಲಿ ಮೂರು ಟ್ಯೂಬ್ ಇರುತ್ತವೆ. ಒಂದರಲ್ಲಿ ಏನೂ ಇಲ್ಲ, ಒಂದರಲ್ಲಿ ಸಿಎಂವಿ ತುಣುಕು, ಇನ್ನೊಂದರಲ್ಲಿ ಯಾವ ಟಿ ಕೋಶವನ್ನಾದರೂ ಕೆರಳಿಸುವ ವಸ್ತು. ಮೂರನೆಯದೂ ಕೆರಳದಿದ್ದರೆ ವರದಿಯಲ್ಲಿ ‘ಇನ್‌ಡಿಟರ್ಮಿನೇಟ್’ ಎಂದು ಬರುತ್ತದೆ. ಮನೆಯವರು ಅದನ್ನು ಪರೀಕ್ಷೆ ಕೆಟ್ಟಿತು, ದುಡ್ಡು ದಂಡ ಎಂದು ಓದುತ್ತಾರೆ. ಕಸಿ ರೋಗಿಯಲ್ಲಿ ಅದೇ ಒಂದು ಉತ್ತರ ಇರಬಹುದು: ಸಿಎಂವಿ ಹಾಗಿರಲಿ, ಯಾವುದರ ವಿರುದ್ಧವೂ ಏಳುವಷ್ಟು ಟಿ ಕೋಶ ಇನ್ನೂ ಬಂದಿಲ್ಲ.

ಬೇಕು ಎನ್ನುವವರು, ಬೇಡ ಎನ್ನುವವರು

ಬೇಕು ಎನ್ನುವವರ ವಾದ ನೇರವಾಗಿದೆ. ಸಿಎಂವಿ ವಿರುದ್ಧ ಟಿ ಕೋಶಗಳ ಪ್ರತಿಕ್ರಿಯೆ ಚೆನ್ನಾಗಿರುವವರಲ್ಲಿ ವೈರಸ್ ಮತ್ತೆ ಜೋರಾಗುವುದು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಹಾಗಿದ್ದ ಮೇಲೆ ಯಾರಿಗೆ ಔಷಧಿ ಬೇಗ, ಯಾರಿಗೆ ಕಾದು ನೋಡಬಹುದು, ಯಾರಿಗೆ ನೂರನೇ ದಿನದ ನಂತರವೂ ನಿಗಾ ಬೇಕು ಎಂದು ಆಯ್ಕೆ ಮಾಡಲು ಇದನ್ನು ಬಳಸಬಾರದೇಕೆ?

ಬೇಡ ಎನ್ನುವವರು ಮುನ್ಸೂಚನೆ ಕೊಡುವುದಕ್ಕೂ ಫಲಿತಾಂಶ ಬದಲಿಸುವುದಕ್ಕೂ ವ್ಯತ್ಯಾಸ ಇದೆ ಎನ್ನುತ್ತಾರೆ. ಪರೀಕ್ಷೆಯ ಆಧಾರದ ಮೇಲೆ ಔಷಧಿ ನಿಲ್ಲಿಸಿದರೆ ರೋಗಿಗಳು ಹೆಚ್ಚು ಕಾಲ, ಹೆಚ್ಚು ಚೆನ್ನಾಗಿ ಬದುಕುತ್ತಾರೆ ಎಂಬುದಕ್ಕೆ ಕಸಿ ರೋಗಿಗಳಲ್ಲಿ ಗಟ್ಟಿಯಾದ ಪುರಾವೆ ಇನ್ನೂ ಸಾಲದು. ಅಳತೆಯ ಗಡಿರೇಖೆ ಒಂದೊಂದು ಪರೀಕ್ಷೆಯಲ್ಲಿ ಒಂದೊಂದು. ಈ ವಾರ ಚೆನ್ನಾಗಿದ್ದ ರೋಗಿಗೆ ಮುಂದಿನ ವಾರ ಜಿವಿಎಚ್‌ಡಿ ಬಂದು ಸ್ಟೀರಾಯ್ಡ್ ಶುರುವಾದರೆ ಹಿಂದಿನ ವರದಿ ರದ್ದಿ ಕಾಗದ. ‘ಇಮ್ಯುನಿಟಿ ಇದೆ’ ಎಂಬ ಒಂದು ಸಾಲು ನಂಬಿ ಪಿಸಿಆರ್ ಬಿಟ್ಟರೆ ಆಗುವ ಹಾನಿಗೆ ಹೊಣೆ ಯಾರು?

ಈ ಚರ್ಚೆಗೆ ಕಾವು ಕೊಟ್ಟದ್ದು ಲೆಟರ್ಮೊವಿರ್ ಎಂಬ ಔಷಧಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದು ನ್ಯೂಟ್ರೊಫಿಲ್‌ಗಳನ್ನು ಕುಗ್ಗಿಸುವುದಿಲ್ಲ, ಹಾಗಾಗಿ ವೈರಸ್ ಏಳುವ ಮೊದಲೇ ನೂರು ದಿನ ಕೊಡಬಹುದು. ದುಬಾರಿಯಾದರೂ ಒಳ್ಳೆಯ ಔಷಧಿ. ಆದರೆ ಅದರ ಯಶಸ್ಸಿನಿಂದಲೇ ಒಂದು ಹೊಸ ತೊಡಕು ಹುಟ್ಟಿತು. ಟಿ ಕೋಶಗಳು ಪಳಗುವುದು ವೈರಸ್‌ನ ಮುಖ ಕಂಡಾಗ. ನೂರು ದಿನ ವೈರಸ್ ತಲೆಯನ್ನೇ ಎತ್ತದಿದ್ದರೆ ಕೆಲವರಲ್ಲಿ ಅದನ್ನು ಗುರುತಿಸುವ ಟಿ ಕೋಶಗಳು ಬೆಳೆಯುವುದೂ ನಿಧಾನ. ನೂರಾ ಒಂದನೇ ದಿನ ಔಷಧಿ ನಿಂತಾಗ ಕಾವಲು ಸಿದ್ಧವಿಲ್ಲ, ವೈರಸ್ ಸಿದ್ಧವಾಗಿದೆ. ಹೀಗೆ ತಡವಾಗಿ ಏಳುವ ಸಿಎಂವಿ ಕಂಡುಬಂದ ಮೇಲೆ, ಅಪಾಯ ಹೆಚ್ಚಿರುವವರಿಗೆ 200 ದಿನದ ತನಕ ಕೊಡಲು 2023ರಲ್ಲಿ ಎಫ್‌ಡಿಎ ಒಪ್ಪಿತು. ಅಪಾಯ ಹೆಚ್ಚಿರುವವರು ಯಾರು ಎಂದು ತಿಳಿಯುವುದು ಹೇಗೆ? ತಿರುಗಿ ಬಂದು ನಿಂತದ್ದು ಕಾವಲಿನ ಅಳತೆಯ ಮುಂದೆಯೇ.

ಎರಡೂ ಕಡೆಯ ಮಾತು ತೂಗಿದರೆ, ಟಿ ಕೋಶದ ಪರೀಕ್ಷೆ ಪಿಸಿಆರ್‌ನ ಜಾಗಕ್ಕೆ ಬರಬೇಕಾದ್ದಲ್ಲ ಎಂಬುದಂತೂ ಸ್ಪಷ್ಟ. ಅದರ ನಿಜವಾದ ಉಪಯೋಗ ಇರುವುದು ಒಂದೆರಡು ತಿರುವುಗಳಲ್ಲಿ, ಮುಖ್ಯವಾಗಿ ನೂರನೇ ದಿನದ ಆಸುಪಾಸಿನಲ್ಲಿ ರೋಗಿಯನ್ನು ಊರಿಗೆ ಕಳಿಸುವಾಗ. ದೊಡ್ಡ ನಗರದ ಆಸ್ಪತ್ರೆಯ ಪಕ್ಕದಲ್ಲೇ ಮನೆ ಇರುವವರಿಗೆ ಈ ಮಾಹಿತಿ ಇಲ್ಲದಿದ್ದರೂ ನಡೆದೀತು, ವಾರ ವಾರ ಹೋಗಿ ತೋರಿಸಬಹುದು. ದೂರದವರಿಗೆ ಅದರ ಬೆಲೆ ಹೆಚ್ಚು.

ರಕ್ತದ ಟ್ಯೂಬು ಘಟ್ಟ ಇಳಿಯುವಾಗ

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 245. ಮೂಡಿಗೆರೆ, ಸಕಲೇಶಪುರ ಕಡೆಯ ಕೆಲವರು ಮಂಗಳೂರು, ಮಣಿಪಾಲಕ್ಕೆ ಹೋಗುತ್ತಾರೆ. ಅಂದರೆ ಶಿರಾಡಿ ಅಥವಾ ಚಾರ್ಮಾಡಿ ಘಾಟಿ. ಜುಲೈನಲ್ಲಿ ಗುಡ್ಡ ಕುಸಿದು ದಾರಿ ಬಂದಾದರೆ ಆ ವಾರದ ಪರೀಕ್ಷೆ ತಪ್ಪಿತು. ಒಂದು ವಾರ ತಪ್ಪಿದರೆ ಏನು ಮಹಾ ಎನಿಸುತ್ತದೆ, ಆದರೆ ತಡೆಯುವವರಿಲ್ಲದ ಸಿಎಂವಿ ಒಂದೆರಡು ದಿನಕ್ಕೇ ದುಪ್ಪಟ್ಟಾಗಬಲ್ಲದು.

ಪಿಸಿಆರ್‌ಗೆ ರೋಗಿಯೇ ಹೋಗಬೇಕೆಂದಿಲ್ಲ. ಇಲ್ಲೇ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ತಂಪಿನಲ್ಲಿ ಕಳಿಸಿದರೆ ಸಾಕು. ಆದರೆ ಒಂದು ಎಚ್ಚರ ಬೇಕು. ಒಂದು ವಾರ ಹಾಸನದ ಲ್ಯಾಬ್, ಇನ್ನೊಂದು ವಾರ ಬೆಂಗಳೂರಿನ ಲ್ಯಾಬ್ ಎಂದು ಬದಲಿಸಿದರೆ ಸಂಖ್ಯೆಗಳನ್ನು ಹೋಲಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆ ಸಿಎಂವಿಗೆ ಅಂತಾರಾಷ್ಟ್ರೀಯ ಮಾನಕ ತಂದ ಮೇಲೂ ಲ್ಯಾಬ್‌ನಿಂದ ಲ್ಯಾಬ್‌ಗೆ ವ್ಯತ್ಯಾಸ ಉಳಿದಿದೆ. ಪ್ಲಾಸ್ಮಾದಲ್ಲಿ ಮಾಡಿದ ಪರೀಕ್ಷೆಗೂ ಇಡೀ ರಕ್ತದಲ್ಲಿ ಮಾಡಿದ್ದಕ್ಕೂ ಉತ್ತರ ಬೇರೆ. 400 ಇದ್ದದ್ದು 900 ಆಯಿತೆಂದು ಕಂಗಾಲಾಗುವ ಮುನ್ನ ಎರಡೂ ಒಂದೇ ಕಡೆಯ ವರದಿಯೇ ಎಂದು ನೋಡಬೇಕು. ಒಂದೇ ಲ್ಯಾಬ್‌ನಲ್ಲೂ ಮೂರು ಪಟ್ಟಿಗಿಂತ ಕಡಿಮೆ ಏರಿಳಿತವನ್ನು ವೈದ್ಯರು ಸಾಮಾನ್ಯವಾಗಿ ದೊಡ್ಡದು ಮಾಡುವುದಿಲ್ಲ.

ಟಿ ಕೋಶದ ಪರೀಕ್ಷೆಯ ಕಷ್ಟ ಬೇರೆ ಬಗೆಯದು. ಅಲ್ಲಿ ಅಳೆಯುವುದು ಜೀವಂತ ಕೋಶದ ವರ್ತನೆಯನ್ನು. ಕೋಶ ದಾರಿಯಲ್ಲಿ ಸತ್ತರೆ ಅಥವಾ ಬಸವಳಿದರೆ ವರದಿ ಸುಳ್ಳು ಹೇಳುತ್ತದೆ. ಬೆಳಿಗ್ಗೆ ಕೊಪ್ಪದಲ್ಲಿ ತೆಗೆದ ರಕ್ತ ಕೊರಿಯರ್‌ನಲ್ಲಿ ಸುತ್ತಿ ಮರುದಿನ ಮಧ್ಯಾಹ್ನ ಬೆಂಗಳೂರು ತಲುಪಿದರೆ, ರೋಗಿಯಲ್ಲಿ ಕಾವಲು ಇದ್ದರೂ ‘ಇಲ್ಲ’ ಎಂದು ಬರಬಹುದು.

ಸರ್ಪಸುತ್ತು, ಪೋಲಿಯೊ ಹನಿ, ಹಾಸನಾಂಬೆಯ ಸಾಲು

ಸಿಎಂವಿಯ ಬಗ್ಗೆ ಇಷ್ಟು ಹೇಳಿದ್ದು ಅದರ ಪರೀಕ್ಷೆಗಳು ಮುಂದುವರಿದಿರುವುದರಿಂದ. ಮಲಗಿದ್ದು ಏಳುವ ವೈರಸ್‌ಗಳು ಇನ್ನೂ ಇವೆ. ಎಪ್‌ಸ್ಟೀನ್-ಬಾರ್ ವೈರಸ್ ದುಗ್ಧರಸ ಗ್ರಂಥಿಗಳಲ್ಲಿ ಗಡ್ಡೆ ತರಬಲ್ಲದು. ಬಿಕೆ ವೈರಸ್ ಮೂತ್ರದಲ್ಲಿ ರಕ್ತ ಬರಿಸುತ್ತದೆ. ಅಡಿನೊ ವೈರಸ್ ಮಕ್ಕಳಿಗೆ ಹೆಚ್ಚು ಕಾಟ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಸರ್ಪಸುತ್ತು, ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಮಲಗಿದ್ದು ಮತ್ತೆ ಎದ್ದ ರೂಪ. ಇದನ್ನು ತಡೆಯಲು ಕಸಿ ರೋಗಿಗೆ ಕನಿಷ್ಠ ಒಂದು ವರ್ಷ ಅಸೈಕ್ಲೊವಿರ್ ಕೊಡುತ್ತಾರೆ. ಆರೋಗ್ಯವಂತರಿಗೆ ಸರ್ಪಸುತ್ತು ಎದ್ದಾಗ ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸಿದರೂ ಕೊನೆಗೆ ತಾನಾಗಿ ಒಣಗುತ್ತದೆ. ಕಸಿಯಾದವರಿಗೆ ಅದೇ ಗುಳ್ಳೆ ಶ್ವಾಸಕೋಶ, ಮಿದುಳಿನ ತನಕ ಹಬ್ಬಬಹುದು. ಅವರಿಗೆ ಮೊದಲ ಗುಳ್ಳೆ ಕಂಡ ದಿನವೇ ಆಸ್ಪತ್ರೆ. ಮನೆಯ ಮಗುವಿಗೆ ‘ಅಮ್ಮ’ ಬಂದರೂ ಅಷ್ಟೇ, ರೋಗಿಗೆ ಗುಳ್ಳೆ ಏಳಲಿ ಎಂದು ಕಾಯದೆ ವೈದ್ಯರಿಗೆ ತಿಳಿಸಬೇಕು.

ಅಳಿಸಿಹೋದ ಲಸಿಕೆಗಳನ್ನು ಮತ್ತೆ ಮೊದಲಿನಿಂದ ಹಾಕಿಸಬೇಕು. ನ್ಯುಮೊಕಾಕಲ್, ಫ್ಲೂ ಮುಂತಾದ ಜೀವವಿಲ್ಲದ ಲಸಿಕೆಗಳು ಮೂರರಿಂದ ಆರು ತಿಂಗಳಿಗೆ ಶುರು. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆ ಎರಡು ವರ್ಷಕ್ಕೆ ಮುಂಚೆ ಇಲ್ಲ, ಆಗಲೂ ಜಿವಿಎಚ್‌ಡಿ ಇಲ್ಲದೆ, ಶಕ್ತಿ ಅದುಮುವ ಔಷಧಿ ನಿಂತಿದ್ದರೆ ಮಾತ್ರ. ಹಳ್ಳಿಗಳಲ್ಲಿ ಗಮನಕ್ಕೆ ಬಾರದ ಸಂಗತಿ ಪಲ್ಸ್ ಪೋಲಿಯೊ. ಹನಿಯಲ್ಲಿರುವುದು ಜೀವಂತ ವೈರಸ್, ಅದನ್ನು ಹಾಕಿಸಿಕೊಂಡ ಮಗುವಿನ ಮಲದಲ್ಲಿ ವಾರಗಟ್ಟಲೆ ಹೊರಬರುತ್ತದೆ. ಕಸಿಯಾದವರು ಇರುವ ಮನೆಯ ಮಗುವಿಗೆ ಹನಿಯ ಬದಲು ಪೋಲಿಯೊ ಚುಚ್ಚುಮದ್ದು ಕೊಡಬೇಕೆಂಬುದು ಸಾಮಾನ್ಯ ಸಲಹೆ. ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಇದನ್ನು ಮುಂಚೆಯೇ ಹೇಳಿಟ್ಟರೆ ತಕರಾರು ಆಗುವುದಿಲ್ಲ. ಮನೆಯ ಉಳಿದವರು ತಮ್ಮ ಫ್ಲೂ ಲಸಿಕೆ ಹಾಕಿಸಿಕೊಂಡರೆ ರೋಗಿಗೆ ಅದೂ ಒಂದು ಬೇಲಿ.

ಫ್ಲೂ, ಆರ್‌ಎಸ್‌ವಿಯಂಥ ಉಸಿರಾಟದ ವೈರಸ್‌ಗಳು ಮಾತ್ರ ನಿಜಕ್ಕೂ ಹೊರಗಿಂದ ಬರುವಂಥವು. ಅವಕ್ಕೆ ದಿನಬಳಕೆಯ ಟಿ ಕೋಶ ಪರೀಕ್ಷೆ ಇಲ್ಲ, ಮಾಸ್ಕ್ ಮತ್ತು ದೂರವೇ ಉಪಾಯ. ಹರಕೆ ತೀರಿಸಲು ಹಾಸನಾಂಬೆಯ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದಾದರೆ ರೋಗಿಯ ಪರವಾಗಿ ಮನೆಯವರು ನಿಲ್ಲಲಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದವರಿಗೆ ಇನ್ನೊಂದು ಮಾತು. ಬೇಸಿಗೆಯ ತಿಂಗಳುಗಳಲ್ಲಿ ಉಣುಗಿನಿಂದ ಬರುವ ಮಂಗನ ಕಾಯಿಲೆಗೆ ಹಳೆಯ ಲಸಿಕೆಯ ಬಳಕೆ ನಿಂತಿದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಚ್ಚಿಕೊಂಡಾದರೂ ಸರಿ ಎಂದು ಕಸಿಯಾದವರು ದರಗು ಗುಡಿಸಲು ಕಾಡಿಗೆ ಹೋಗುವುದು ಬೇಡ.

ಮುಂದೆ ಏನಾಗಬಹುದು

ಕಾವಲು ಇಲ್ಲ ಎಂದು ತಿಳಿದರೆ ಅದನ್ನು ಹೊರಗಿಂದ ತಂದು ಕೊಡಬಹುದೆ? ಈ ಯೋಚನೆ ಹಳೆಯದು. 1995ರಲ್ಲಿ ಸಿಯಾಟಲ್‌ನ ಫ್ರೆಡ್ ಹಚಿನ್‌ಸನ್ ಕೇಂದ್ರದವರು ದಾನಿಗಳಿಂದ ಸಿಎಂವಿ ಗುರುತಿಸುವ ಟಿ ಕೋಶಗಳನ್ನು ಬೆಳೆಸಿ 14 ರೋಗಿಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಸಿಡಿ4 ಕೋಶಗಳು ಮರಳದ ರೋಗಿಗಳಲ್ಲಿ ಹಾಗೆ ಕೊಟ್ಟ ಕಾವಲು ಬಹುಕಾಲ ನಿಲ್ಲಲಿಲ್ಲ ಎಂಬುದೂ ಆಗಲೇ ಕಂಡಿತ್ತು. 2022ರ ಡಿಸೆಂಬರಿನಲ್ಲಿ ಯುರೋಪ್ ಎಪ್‌ಸ್ಟೀನ್-ಬಾರ್ ವೈರಸ್‌ನ ಗಡ್ಡೆಗೆ ಸಿದ್ಧವಾಗಿ ಸಿಗುವ ಟಿ ಕೋಶ ಚಿಕಿತ್ಸೆ ಟ್ಯಾಬೆಲೆಕ್ಲೂಸೆಲ್‌ಗೆ ಒಪ್ಪಿಗೆ ಕೊಟ್ಟಿತು. ಆರು ವೈರಸ್‌ಗಳಿಗೆ ಒಂದೇ ಸಲ ಕಾವಲು ಕೊಡುವ ಭರವಸೆ ಹುಟ್ಟಿಸಿದ್ದ ಪೊಸೊಲ್ಯೂಸೆಲ್‌ನ ಮೂರನೇ ಹಂತದ ಪ್ರಯೋಗಗಳು ಫಲ ಕಾಣದೆ 2023ರ ಡಿಸೆಂಬರಿನಲ್ಲಿ ನಿಂತುಹೋದವು. ದಾರಿ ಇದೆ, ಆದರೆ ಸಲೀಸಿಲ್ಲ. ಭಾರತದ ಜಿಲ್ಲೆಯೊಂದರ ರೋಗಿಗೆ ಅದು ತಲುಪಲು ಕಾಲ ಬೇಕು.

ತಲುಪಬಹುದಾದದ್ದು ಅಳತೆ. ಕಸಿ ಕೇಂದ್ರಗಳು ಹೆಚ್ಚಿದಂತೆ, ಅರ್ಧ ಹೊಂದಾಣಿಕೆಯ ಕಸಿಗಳು ಹೆಚ್ಚಿದಂತೆ, ನೂರು ದಿನ ದಾಟಿ ಊರಿಗೆ ಬರುವ ರೋಗಿಗಳೂ ಹೆಚ್ಚುತ್ತಾರೆ. ಅವರಿಗೆ ಜ್ವರ ಬಂದ ರಾತ್ರಿ ಮೊದಲು ನೋಡುವವರು ಬೇಲೂರಿನ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರೋ ತರೀಕೆರೆಯ ನರ್ಸಿಂಗ್ ಹೋಮಿನವರೋ ಆಗಿರುತ್ತಾರೆ, ಬೆಂಗಳೂರಿನ ಕಸಿ ತಜ್ಞರಲ್ಲ. ಅವರ ಕೈಗೆ ಸಿಗುವ ಡಿಸ್ಚಾರ್ಜ್ ಚೀಟಿಯಲ್ಲಿ ದಾನಿ-ರೋಗಿಯ ಸಿಎಂವಿ ಐಜಿಜಿ, ಕೊನೆಯ ಪಿಸಿಆರ್ ಸಂಖ್ಯೆ ಮತ್ತು ಅದನ್ನು ಮಾಡಿದ ಲ್ಯಾಬ್, ಸಿಡಿ4 ಎಣಿಕೆ, ಸ್ಟೀರಾಯ್ಡ್‌ನ ಪ್ರಮಾಣ ಇಷ್ಟಿದ್ದರೆ, ‘ಡಬ್ಲ್ಯೂಬಿಸಿ ನಾರ್ಮಲ್ ಇದೆ, ವೈರಲ್ ಫೀವರ್’ ಎಂದು ಪ್ಯಾರಸಿಟಮಾಲ್ ಬರೆದು ಕಳಿಸುವ ಸಂದರ್ಭ ಕಡಿಮೆಯಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಅರ್ಧ ಪುಟ ಸಾಕು.

ಟಿ ಕೋಶ ಪರೀಕ್ಷೆಗೂ ಅಂದುಕೊಂಡಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಕ್ವಾಂಟಿಫೆರಾನ್ ಬಗೆಯ ಪರೀಕ್ಷೆಯಲ್ಲಿ ಕೋಶಗಳು ಜೀವಂತವಾಗಿರಬೇಕಾದದ್ದು ಮೊದಲ ಹಂತದಲ್ಲಿ ಮಾತ್ರ. ರಕ್ತ ತೆಗೆದ 16 ಗಂಟೆಯೊಳಗೆ ಆ ಮೂರು ಟ್ಯೂಬುಗಳನ್ನು 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡಬೇಕು. ಆಮೇಲೆ ಬೇರ್ಪಡಿಸಿದ ಪ್ಲಾಸ್ಮಾವನ್ನು ತಂಪಿನಲ್ಲಿಟ್ಟು ಬೆಂಗಳೂರಿಗೆ ಕಳಿಸಬಹುದು, ದಾರಿಯಲ್ಲಿ ಸಾಯಲು ಅದರಲ್ಲಿ ಕೋಶಗಳೇ ಇರುವುದಿಲ್ಲ. 37 ಡಿಗ್ರಿಯ ಇನ್‌ಕ್ಯುಬೇಟರ್ ಹಾಸನದ ಹಿಮ್ಸ್‌ನಂಥ ಯಾವುದೇ ವೈದ್ಯಕೀಯ ಕಾಲೇಜಿನ ಮೈಕ್ರೊಬಯಾಲಜಿ ವಿಭಾಗದಲ್ಲಿ ಮೂತ್ರ, ಕಫದ ಕಲ್ಚರ್‌ಗೆಂದು ದಿನವೂ ಉರಿಯುತ್ತಲೇ ಇರುತ್ತದೆ.